ಗಾಯವನ್ನು ಓದುವ ವಿದ್ಯೆ

ನಮ್ಮ ವಾಚಕರಲ್ಲಿ ಒಬ್ಬ ಗೃಹಿಣಿಯು ಕಳೆದ ತಿಂಗಳು ನನಗೊಂದು ಕಾಗದವನ್ನು ಬರೆದು ಒಂದು ಸಂದೇಹವನ್ನು ಮುಂದಿಟ್ಟಿರುವರು. ಎಲ್ಲಿಯಾದರೂ ಒಬ್ಬನು ಆಯುಧದ ಗಾಯದಿಂದ ಸತ್ತು ಬಿದ್ದಿದ್ದರೆ, ‘ಕೊಲೆಯೋ ಆತ್ಮಹತ್ಯೆಯೋ ಎಂಬುದು ಶವಪರೀಕ್ಷೆಯ ಅನಂತರ ತಿಳಿಯಬೇಕಾಗಿದೆ’ ಎಂದು ವೃತ್ತಪತ್ರಿಕೆಗಳಲ್ಲಿ ಅಚ್ಚಾಗುವುದಷ್ಟೆ. ಬಾಯಿಲ್ಲದ ದೇಹವು ವೈದ್ಯನಿಗೆ ಇದನ್ನು ಹೇಗೆ ತಿಳಿಸುವುದು, ಕತ್ತಿಯ ಗಾಯವೆಂದರೆ ಯಾರು ಮಾಡಿದರೂ ಕತ್ತಿಯ ಗಾಯವೇ ಅಲ್ಲವೇ, ಎಂಬುದು ಆಕೆಯ ಪ್ರಶ್ನೆ. ಮನೆಮಂದಿಯೆಲ್ಲ ಕುಳಿತು ಓದುವ ಪತ್ರಿಕೆಯಲ್ಲಿ ಇಂತಹ ವಿಷಯವು ಉಚಿತವೇ ಎಂದು ನಾನು ಎರಡು ದಿನ ಯೋಚಿಸಿದೆನು. ಆದರೆ ಇಂತಹ ಮರಣಗಳು ಸಂಭವಿಸುವುದು ಮನೆಗಳಲ್ಲಿಯೇ, ಹೊಲತೋಟಗಳಲ್ಲಿಯೇ. ಆಮೇಲೆ ಊರಿನವರ ನಾಲಗೆಗೆ ಸಿಕ್ಕುವವರೂ ಮನೆಯವರೇ. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರವು ದೊರೆತುದರಿಂದ ಒಬ್ಬ ಮನುಷ್ಯನ ಬಾಳು ಉಳಿದುದನ್ನು ನಾನು ಕಣ್ಣಾರೆ ಕಂಡವನಾದುದರಿಂದ ಬರೆಯುವುದೇ ಸರಿಯೆಂದು ನಿಶ್ಚಯಿಸಿದೆನು. ಚಿಕ್ಕ ಮಕ್ಕಳಿಗೆ ಓದಿ ಹೇಳುವವರು ಈ ತಿಂಗಳ ಪುಟವನ್ನು ಬಿಟ್ಟುಬಿಡಬಹುದು.

ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಮರಣದ ಕಾರಣವು ಬೇರೆ, ಮರಣದ ರೀತಿಯು ಬೇರೆ. ದೊಡ್ಡ ರಕ್ತನಾಳವು ತುಂಡಾಗಿ ರಕ್ತವು ಹರಿದುಹೋದುದು ಕಾರಣ. ಆ ನಾಳವು ತುಂಡಾದುದು ಪರರ ಕೈಯಿಂದಲೋ, ತನ್ನ ಕೈಯಿಂದಲೋ, ಆಕಸ್ಮಿಕವಾಗಿಯೋ ಎಂಬುದು ರೀತಿ. ಕಾರಣವನ್ನು ದೇಹವು ಬಹುಮಟ್ಟಿಗೆ ತಾನೇ ಹೇಳುವುದು. ರೀತಿಯನ್ನಾದರೋ ದೇಹ, ಉಟ್ಟ ಬಟ್ಟೆ, ಬಿದ್ದ ಸ್ಥಳ, ಆಯುಧ ಇವೆಲ್ಲವನ್ನೂ ಕೂಡಿಸಿ ಓದಬೇಕು. ಅಮೆರಿಕೆಯಲ್ಲಿ ಶವಪರೀಕ್ಷೆಯ ಅಧಿಕಾರಿಯೇ ರೀತಿಯನ್ನೂ ಬರೆದು ಸಹಿ ಹಾಕುವನು. ಇಂಗ್ಲೆಂಡಿನಲ್ಲಿ ಅದು ಕಾರೊನರ್ ಎಂಬ ವಿಚಾರಣಾಧಿಕಾರಿಯ ಕೆಲಸ. ನಮ್ಮಲ್ಲಿ ವೈದ್ಯರು ಕಾರಣವನ್ನು ಹೇಳಿ ರೀತಿಯ ವಿಷಯದಲ್ಲಿ ಅಭಿಪ್ರಾಯವನ್ನು ಮಾತ್ರ ಕೊಡುವರು. ನಿರ್ಣಯವು ತನಿಖೆಯವರಿಗೂ ಕೊನೆಗೆ ನ್ಯಾಯಾಲಯಕ್ಕೂ ಸೇರಿದುದು. ಪೊಲೀಸರು ಸ್ಥಳಕ್ಕೆ ಬಂದು, ನೆರೆಹೊರೆಯ ಗೌರವಸ್ಥರು ಇಬ್ಬರಿಗೆ ಕಡಿಮೆಯಿಲ್ಲದಂತೆ ಕರೆದು, ಅವರ ಎದುರಿನಲ್ಲಿ ದೇಹದ ಸ್ಥಿತಿಯನ್ನು ಬರೆದುಕೊಳ್ಳಬೇಕೆಂಬುದು ದಂಡಪ್ರಕ್ರಿಯಾ ಸಂಹಿತೆಯ 174ನೆಯ ಕಲಮಾಗಿತ್ತು. 2024ನೆಯ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ವಿಧಿಯು 194ನೆಯದಾಗಿದೆ. ಜನರು ಇದನ್ನು ಶವಮಹಜರು ಎನ್ನುವರು.

1993ರಲ್ಲಿ ನಾನು ಮಲೆನಾಡಿನ ಒಂದು ಗ್ರಾಮದ ಶಾಲೆಯಲ್ಲಿದ್ದಾಗ ಅಂತಹ ಒಂದು ಮಹಜರಿಗೆ ನನ್ನನ್ನೇ ಪಂಚನನ್ನಾಗಿ ಕರೆದರು. ಮೇಷ್ಟರು ಸುಳ್ಳು ಹೇಳಲಾರರೆಂಬ ನಂಬಿಕೆಯು ಆಗ ಇನ್ನೂ ಉಳಿದಿತ್ತು. ಸುಮಾರು ನಲವತ್ತು ವಯಸ್ಸಿನ ಅಡಕೆಯ ಕೃಷಿಕನೊಬ್ಬನು ಬೆಳಗ್ಗೆ ಸೊಪ್ಪಿನ ಬೆಟ್ಟಕ್ಕೆ ಹೋದವನು ಒಂದು ಮತ್ತಿಯ ಮರದ ಬುಡದಲ್ಲಿ, ತೊಡೆಯ ಒಳಮಗ್ಗುಲಲ್ಲಿ ಕತ್ತಿಯ ಆಳವಾದ ಗಾಯದಿಂದ ರಕ್ತವೆಲ್ಲ ಹರಿದು ಪ್ರಾಣ ಬಿಟ್ಟಿದ್ದನು. ಅವನನ್ನು ಮೊದಲು ಕಂಡವನು ಅವನ ತಮ್ಮ. ಅಣ್ಣತಮ್ಮಂದಿರಿಗೆ ಆ ಬೆಟ್ಟದ ಪಾಲಿನ ವಿಷಯದಲ್ಲಿ ಎರಡು ವರ್ಷಗಳಿಂದ ಮಾತಿರಲಿಲ್ಲ. ತಮ್ಮನ ಅಂಗಿಯೂ ಪಂಚೆಯೂ ರಕ್ತದಲ್ಲಿ ತೊಯ್ದಿದ್ದುವು. ಇವೆಲ್ಲಕ್ಕಿಂತ ಕೆಟ್ಟುದೇನೆಂದರೆ, ಕತ್ತಿಯನ್ನು ಅವನು ಹಳ್ಳದಲ್ಲಿ ತೊಳೆದು, ತಂದು ಅಣ್ಣನ ಮನೆಯ ಗೋಡೆಗೆ ಸಿಕ್ಕಿಸಿದ್ದನು. ಏಕೆ ತೊಳೆದೆಯೆಂದು ಸಬ್‌ಇನ್ಸ್‌ಪೆಕ್ಟರರು ಕೇಳಿದರೆ ಅವನು ಅವರನ್ನು ಬಿಟ್ಟು ನನ್ನ ಮುಖವನ್ನು ನೋಡುತ್ತ, ‘ಮೇಷ್ಟ್ರೇ, ಮಕ್ಕಳು ತುಳೀತಾವೆ ಅಂತ ತೊಳೆದಿಟ್ಟೆ, ಮತ್ತೇನಿಲ್ಲ’ ಎಂದನು. ಅಷ್ಟು ಹೊತ್ತಿಗಾಗಲೇ ಊರು ತನ್ನ ತೀರ್ಪನ್ನು ಬರೆದು ಮುಗಿಸಿತ್ತು. ಈ ಕಥೆಯನ್ನು ಇಲ್ಲಿಯೇ ನಿಲ್ಲಿಸಿ, ತಾಲ್ಲೂಕಿನ ವೈದ್ಯರು ಅದನ್ನು ಹೇಗೆ ಬಿಡಿಸಿದರೆಂಬುದನ್ನು ತಿಳಿಯಲು ಬೇಕಾದ ವಿದ್ಯೆಯನ್ನು ಮೊದಲು ವಿವರಿಸುವೆನು.

ಈ ವಿದ್ಯೆಯು ನಮ್ಮವರಿಗೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ಬಂದ ತಾಳೆಯೋಲೆಯ ಕಟ್ಟೊಂದರಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮುದ್ರಿಸಿದರಷ್ಟೆ. ಅದರ ನಾಲ್ಕನೆಯ ಅಧಿಕರಣದ ಏಳನೆಯ ಅಧ್ಯಾಯಕ್ಕೆ ‘ಆಶುಮೃತಕಪರೀಕ್ಷಾ’ ಎಂದು ಹೆಸರು. ಎಂದರೆ ಹಠಾತ್ತನೆ ಸತ್ತವನ ಪರೀಕ್ಷೆ. ದೇಹಕ್ಕೆ ಎಣ್ಣೆಯನ್ನು ಬಳಿದು ನೋಡಬೇಕೆಂದು ಅಲ್ಲಿ ವಿಧಿಸಿದೆ. ಉಸಿರು ಕಟ್ಟಿ ಸತ್ತವನು, ನೀರಿನಲ್ಲಿ ಮುಳುಗಿದವನು, ದೊಣ್ಣೆಯ ಪೆಟ್ಟು ತಿಂದವನು, ಎತ್ತರದಿಂದ ಬಿದ್ದವನು, ವಿಷವುಂಡವನು ಇವರ ದೇಹಗಳಲ್ಲಿ ಕಾಣುವ ಲಕ್ಷಣಗಳನ್ನು ಬೇರೆಬೇರೆಯಾಗಿ ಹೇಳಿದೆ. ಕಂಡಂತೆಯೇ ನಂಬದೆ, ಒಂದು ರೀತಿಯ ಮರಣಕ್ಕೆ ಇನ್ನೊಂದರ ವೇಷವನ್ನು ಹಾಕಿರಬಹುದೆಂಬ ಸಂದೇಹವನ್ನೂ ಆ ಗ್ರಂಥಕಾರನು ಮರೆತಿಲ್ಲ. ದೇಹವನ್ನು ನೋಡಿದ ಮೇಲೆ ಯಾರಿಗೆ ಇವನ ಮೇಲೆ ಹಗೆಯಿತ್ತೆಂದು ವಿಚಾರಿಸಬೇಕು; ಆ ಹಗೆಗೆ ಕಾರಣಗಳನ್ನು ಎಣಿಸುವಾಗ ದಾಯಾದ್ಯವನ್ನು, ಎಂದರೆ ಪಾಲಿನ ಜಗಳವನ್ನು, ಅವನು ಮೊದಲಲ್ಲಿಯೇ ಇಡುವನು. ನಮ್ಮ ಊರಿನವರು ಕೌಟಿಲ್ಯನನ್ನು ಓದಿರಲಿಲ್ಲ; ಆದರೂ ಆ ದಿನ ಅವರು ಅವನ ಎರಡನೆಯ ಮಾತಿನಿಂದಲೇ ತೊಡಗಿದರು. ಅವನ ಮೊದಲನೆಯ ಮಾತು, ದೇಹವನ್ನು ನೋಡುವುದು, ಯಾರಿಗೂ ನೆನಪಾಗಲಿಲ್ಲ.

ವೈದ್ಯನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಇದು ಹರಿತವಾದ ಆಯುಧದ ಗಾಯವೇ ಅಲ್ಲವೇ ಎಂಬುದು. ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ಹೊಸ ಗಾಯಗಳನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂದು ಆರಾಗಿ ವಿಂಗಡಿಸಿರುವನು. ಕೊಯ್ದುದು, ಒಳಗಿನ ಕೋಷ್ಠವನ್ನು ಭೇದಿಸಿದುದು, ಮೊನೆಯಿಂದ ಚುಚ್ಚಿದುದು, ಇವೆರಡೂ ಪೂರ್ಣವಾಗಿ ಆಗದೆ ವಿಷಮವಾದುದು, ಜಜ್ಜಿದುದು, ಉಜ್ಜಿ ಚರ್ಮ ಹೋದುದು ಎಂದು ಇವುಗಳ ಅರ್ಥ. ಈಗಿನ ವಿಂಗಡಣೆಯೂ ಇದರಿಂದ ಬಹುದೂರವಿಲ್ಲ. ಆಳಕ್ಕಿಂತ ಉದ್ದವು ಹೆಚ್ಚಾಗಿದ್ದರೆ ಕೊಯ್ತ. ಉದ್ದಕ್ಕಿಂತ ಆಳವು ಹೆಚ್ಚಾಗಿದ್ದರೆ ಇರಿತ. ಮಚ್ಚು ಕೊಡಲಿಗಳಂತಹ ಭಾರವಾದ ಆಯುಧದಿಂದ ಎಲುಬಿನವರೆಗೂ ಹೋದುದು ಕಡಿತ. ಇವು ಮೂರೂ ಹರಿತದ ಜಾತಿ. ದೊಣ್ಣೆ ಕಲ್ಲುಗಳಿಂದ ಚರ್ಮವು ಒಡೆದು ಬಾಯಿ ಬಿಟ್ಟರೆ ಅದು ಬೇರೆಯ ಜಾತಿ. ತಲೆಯ ಮೇಲೆ ಚರ್ಮದ ಕೆಳಗೇ ಎಲುಬಿರುವುದರಿಂದ ದೊಣ್ಣೆಯ ಪೆಟ್ಟಿಗೂ ಅದು ಕತ್ತಿಯಿಂದ ಕೊಯ್ದಂತೆ ನೇರವಾಗಿ ಸೀಳುವುದುಂಟು. ಆಗ ವೈದ್ಯನು ಭೂತಗನ್ನಡಿಯನ್ನು ಹಿಡಿದು ನೋಡುವನು. ಹರಿತವಾದ ಅಲಗು ದಾರಿಯಲ್ಲಿ ಸಿಕ್ಕಿದುದನ್ನೆಲ್ಲ ಸಮನಾಗಿ ಕತ್ತರಿಸುವುದು. ಗಾಯದ ಎರಡು ದಡಗಳ ನಡುವೆ ಏನೂ ಉಳಿಯುವುದಿಲ್ಲ, ಕೂದಲೂ ಕತ್ತರಿಸಿಹೋಗಿರುವುದು. ಒಡೆದ ಗಾಯದಲ್ಲಾದರೋ ನರಗಳೂ ಸಣ್ಣ ನಾಳಗಳೂ ನಾರಿನ ಎಳೆಗಳೂ ತುಂಡಾಗದೆ ಒಂದು ದಡದಿಂದ ಇನ್ನೊಂದಕ್ಕೆ ಸೇತುವೆಯಂತೆ ಉಳಿದಿರುವುವು. ದಡಗಳು ತರಚಿ ಜಜ್ಜಿರುವುವು. ಹೆಂಗಸರು ತರಕಾರಿ ಹೆಚ್ಚುವಾಗ ಈಳಿಗೆಯಿಂದ ಕೊಯ್ದ ಬದನೆಕಾಯಿಗೂ ಕೈಯಿಂದ ಮುರಿದ ಬದನೆಕಾಯಿಗೂ ಇರುವ ಭೇದವನ್ನು ನೋಡಿದ್ದರೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಕೊಯ್ತವು ಸಾಮಾನ್ಯವಾಗಿ ಅಲಗು ತಗುಲಿದ ಕಡೆಯಲ್ಲಿ ಆಳವಾಗಿದ್ದು, ಬಿಟ್ಟುಹೋಗುವ ಕಡೆಯಲ್ಲಿ ತೆಳ್ಳಗಾಗಿ, ಕೊನೆಗೆ ಚರ್ಮದ ಮೇಲಿನ ಗೀರಾಗಿ ಬಾಲದಂತೆ ಮುಗಿಯುವುದು. ಈ ಬಾಲದಿಂದ ಅಲಗು ಯಾವ ಕಡೆಯಿಂದ ಯಾವ ಕಡೆಗೆ ಸಾಗಿತೆಂಬುದು ಗೊತ್ತಾಗುವುದು. ಇರಿತದ ಗಾಯವು ಆಯುಧದ ಬಾಯಿಯನ್ನೇ ಹೋಲಬೇಕೆಂದು ಯಾರಾದರೂ ಊಹಿಸುವರು, ಅದು ಹಾಗಿಲ್ಲ. ಗುಂಡಗಿನ ದಬ್ಬಳದಿಂದ ಚುಚ್ಚಿದರೂ ಚರ್ಮದಲ್ಲಿ ಬೀಳುವುದು ಗುಂಡಾದ ತೂತಲ್ಲ, ಸೀಳು. ಚರ್ಮದೊಳಗಿನ ನಾರುಗಳು ಬಟ್ಟೆಯ ಹಾಸಿನಂತೆ ಒಂದೊಂದು ಭಾಗದಲ್ಲಿ ಒಂದೊಂದು ದಿಕ್ಕಿಗೆ ಬಿಗಿದಿರುವುದೇ ಇದಕ್ಕೆ ಕಾರಣವೆಂದು ವಿಯೆನ್ನಾದ ಕಾರ್ಲ್ ಲಾಂಗರ್ ಎಂಬ ಶಾರೀರಶಾಸ್ತ್ರಜ್ಞನು 1861ರಲ್ಲಿ ತೋರಿಸಿಕೊಟ್ಟನು. ಈ ನಾರಿಗೆ ಅಡ್ಡವಾಗಿ ಬಿದ್ದ ಗಾಯವು ಅಗಲವಾಗಿ ಬಾಯಿ ಬಿಡುವುದು, ಉದ್ದಕ್ಕೆ ಬಿದ್ದುದು ಕಿರಿದಾಗಿಯೇ ಇರುವುದು. ಆದಕಾರಣ ವೈದ್ಯನು ದಡಗಳನ್ನು ಬೆರಳಿನಿಂದ ಕೂಡಿಸಿ ಅಳೆಯುವನು. ಆಳವೂ ಮೋಸ ಮಾಡುವುದು. ಹೊಟ್ಟೆಯು ಒತ್ತಿದರೆ ತಗ್ಗುವಂತಹುದಾದುದರಿಂದ ಗಾಯದ ಹಾದಿಯು ಅಲಗಿಗಿಂತ ಉದ್ದವಾಗಿರಬಹುದು. ಆದುದರಿಂದ ಇಷ್ಟು ಆಳದ ಗಾಯಕ್ಕೆ ಈ ಚಿಕ್ಕ ಚೂರಿಯು ಸಾಲದೆಂದು ಹೇಳಿ ಅದನ್ನು ತಳ್ಳಿಹಾಕುವಂತಿಲ್ಲ. ಕಾರ್ಡಿಫ್ ನಗರದ ಬರ್ನಾರ್ಡ್ ನೈಟ್ ಎಂಬ ವೈದ್ಯರು ಚೂರಿಯು ಒಳಗೆ ಇಳಿಯಲು ಎಷ್ಟು ಬಲ ಬೇಕೆಂಬುದನ್ನು ಪ್ರಯೋಗಗಳಿಂದ ಅಳೆದು 1975ರಲ್ಲಿ ಪ್ರಕಟಿಸಿದರು. ಮುಖ್ಯವಾದುದು ಮೊನೆಯ ಹರಿತವೇ. ಚರ್ಮವು ಒಮ್ಮೆ ಬಿಟ್ಟುಕೊಟ್ಟಿತೆಂದರೆ, ಎಲುಬು ಅಡ್ಡ ಬಾರದಿದ್ದಲ್ಲಿ, ಒಳಗಿನ ಮಾಂಸವು ಹೆಚ್ಚಿನ ಎದುರು ಕೊಡುವುದಿಲ್ಲವೆಂದು ಅವರು ಕಂಡುಕೊಂಡರು. ಗಾಯವು ಆಳವಾಗಿದೆ, ಆದಕಾರಣ ಇರಿದವನು ಬಲಶಾಲಿ, ಆದಕಾರಣ ಮಹಾ ದ್ವೇಷಿ ಎಂಬ ತರ್ಕವನ್ನು ನ್ಯಾಯಾಲಯದಲ್ಲಿ ಹೂಡುವವರು ಈ ಅಂಶವನ್ನು ಮರೆಯಬಾರದು.

ಇನ್ನು ರೀತಿಯ ಮಾತು. ಪರರು ಆಯುಧವನ್ನೆತ್ತಿದಾಗ ಮನುಷ್ಯನು ಯೋಚಿಸದೆಯೇ ಕೈಯನ್ನು ಅಡ್ಡ ಹಿಡಿಯುವನು, ಇಲ್ಲವೇ ಅಲಗನ್ನೇ ಹಿಡಿದುಕೊಳ್ಳುವನು. ಅಂಗೈಯಲ್ಲಿ, ಬೆರಳುಗಳ ಒಳಮಗ್ಗುಲಲ್ಲಿ, ಹೆಬ್ಬೆರಳು ತೋರುಬೆರಳುಗಳ ನಡುವಣ ಸಂದಿನಲ್ಲಿ, ಮುಂಗೈಯ ಕಿರುಬೆರಳಿನ ಕಡೆಯ ಅಂಚಿನಲ್ಲಿ ಬೀಳುವ ಇಂತಹ ಗಾಯಗಳಿಗೆ ರಕ್ಷಣೆಯ ಗಾಯಗಳೆಂದು ಹೆಸರು. ಇವುಗಳನ್ನು ಕಂಡರೆ ವೈದ್ಯನ ಮನಸ್ಸು ಕೊಲೆಯ ಕಡೆಗೆ ತಿರುಗುವುದು. ಗಾಯಗಳು ಬಟ್ಟೆಯನ್ನು ಹರಿದುಕೊಂಡು ಹೋಗಿರುವುದು, ಸ್ವಂತ ಕೈಗೆ ಎಟುಕದ ಬೆನ್ನಿನಂತಹ ಕಡೆಗಳಲ್ಲಿ ಇರುವುದು, ಕ್ರಮವಿಲ್ಲದೆ ಮೈಮೇಲೆಲ್ಲ ಚದುರಿರುವುದು ಇವೂ ಅದೇ ಕಡೆಗೆ ಬೆರಳು ತೋರಿಸುವುವು.

ತಾನೇ ಮಾಡಿಕೊಂಡ ಗಾಯಗಳ ಸ್ವರೂಪವು ಬೇರೆ. ಬದುಕಬೇಕೆಂಬ ಆಸೆಯು ಜೀವಿಯನ್ನು ಕೊನೆಯ ಗಳಿಗೆಯಲ್ಲಿಯೂ ಸುಲಭವಾಗಿ ಬಿಡುವುದಿಲ್ಲ. ಆದಕಾರಣ ಅಲ್ಲಿ ಅಳುಕಿದ ಗುರುತುಗಳು, ಎಂದರೆ ಒಂದರ ಪಕ್ಕದಲ್ಲಿ ಒಂದರಂತೆ ಸಮಾನಾಂತರವಾದ ಮೇಲುಮೇಲಿನ ಗೀರುಗಳು, ಬಹಳ ವೇಳೆ ಕಾಣುವುವು. ಕೈ ಮುಂದುವರಿದುದು, ಹಿಂಜರಿದುದು, ಮತ್ತೆ ಮುಂದುವರಿದುದು ಎಲ್ಲವೂ ಅಲ್ಲಿ ಬರೆದಂತಿರುವುದು. ಈ ವಿದ್ಯೆಯಲ್ಲಿ ಮನಸ್ಸನ್ನು ಅತಿಯಾಗಿ ಕಲಕುವ ಗುರುತು ಇದು. ಕೆಲವು ವೇಳೆ ಅವುಗಳ ಬಳಿಯಲ್ಲಿಯೇ ಹಿಂದೆಂದೋ ಮಾಯ್ದ ಹಳೆಯ ಗೀರುಗಳ ಬಿಳಿಯ ಕಲೆಗಳೂ ಇರುವುವು. ಮನೆಯವರು ಅವುಗಳನ್ನು ಕಂಡಿರಲೇ ಇಲ್ಲವೆಂದು ಆಮೇಲೆ ಹೇಳುವರು. ಬದುಕಿರುವ ಮಗನ ಅಥವಾ ಮಗಳ ಮೈಮೇಲೆ ಅಂತಹ ಗೀರುಗಳನ್ನು ಕಂಡ ತಂದೆತಾಯಿಗಳು ಗದರಿಸದೆ, ಬಚ್ಚಿಡದೆ, ಹತ್ತಿರ ಕುಳಿತು ಮಾತನಾಡಿಸಿ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. 2022ರಿಂದ ಭಾರತ ಸರಕಾರವು ನಡೆಯಿಸುತ್ತಿರುವ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಬಿಟ್ಟಿಯಾಗಿ, ಕನ್ನಡದಲ್ಲಿಯೂ, ಮಾತನಾಡಬಹುದು.

ಇಷ್ಟನ್ನು ಓದಿದ ವಾಚಕರು, ಕೈಮೇಲೆ ಗಾಯವಿದ್ದರೆ ಕೊಲೆ, ಗೀರುಗಳಿದ್ದರೆ ಆತ್ಮಹತ್ಯೆ ಎಂದು ಸೂತ್ರವನ್ನು ಕಟ್ಟಿಕೊಳ್ಳಬಾರದು. ಒಂದೊಂದು ಗುರುತಿಗೂ ಅಪವಾದವುಂಟು. ನಿದ್ರೆಯಲ್ಲಿದ್ದವನಿಗೆ, ಕುಡಿದು ಬಿದ್ದಿದ್ದವನಿಗೆ, ಕೈಕಟ್ಟು ಹಾಕಲ್ಪಟ್ಟವನಿಗೆ, ಹಿಂದಿನಿಂದ ಹಠಾತ್ತನೆ ಇರಿಯಲ್ಪಟ್ಟವನಿಗೆ ಕೈ ಅಡ್ಡ ಹಿಡಿಯಲು ಅವಕಾಶವೇ ಇರದು. ಹೆದರಿಸುವುದಕ್ಕಾಗಿ ಅಲಗನ್ನು ಆನಿಸಿ ಎಳೆದ ಗೀರುಗಳು ಅಳುಕಿನ ಗೀರುಗಳಂತೆಯೇ ಕಾಣಬಹುದು. ಹೃದಯಕ್ಕೆ ಇರಿತವಾದವನು ಆ ಕ್ಷಣವೇ ಕುಸಿಯುವನೆಂದು ನಾಟಕಗಳಲ್ಲಿ ನೋಡುವೆವು. ನಿಜವಾಗಿ ಅಂತಹವರು ನಡೆದು, ಓಡಿ, ಬಾಗಿಲು ಹಾಕಿಕೊಂಡು ಆಮೇಲೆ ಬಿದ್ದುದುಂಟು. ಆದುದರಿಂದ ಆಯುಧವು ದೇಹದಿಂದ ದೂರದಲ್ಲಿ ಬಿದ್ದಿತ್ತೆಂಬುದು ತಾನಾಗಿ ಕೊಲೆಗೆ ಪ್ರಮಾಣವಾಗದು. ಗಾಯಗಳ ಸಂಖ್ಯೆಯೂ ಅಷ್ಟೆ. ಕ್ರಿಸ್ತಪೂರ್ವ 44ನೆಯ ವರ್ಷದ ಮಾರ್ಚಿ 15ರಂದು ರೋಮಿನಲ್ಲಿ ಜೂಲಿಯಸ್ ಸೀಸರನಿಗೆ 23 ಇರಿತಗಳು ಬಿದ್ದುವು. ಆಂಟಿಸ್ಟಿಯಸ್ ಎಂಬ ವೈದ್ಯನು ದೇಹವನ್ನು ಪರೀಕ್ಷಿಸಿ, ಎದೆಗೆ ತಗುಲಿದ ಎರಡನೆಯ ಗಾಯವೊಂದೇ ಪ್ರಾಣಾಂತಕವೆಂದು ಅಭಿಪ್ರಾಯಪಟ್ಟನೆಂದು ಸ್ವಿಟೋನಿಯಸ್ ಎಂಬ ಚರಿತ್ರಕಾರನು ಬರೆದಿರುವನು. ಅಲ್ಲಿ ಕೊಲೆಯೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲವೆನ್ನಿ. ಆದರೂ 23ರಲ್ಲಿ 22 ಗಾಯಗಳು ಕೊಲ್ಲಲಿಲ್ಲವೆಂದು ಬೇರ್ಪಡಿಸಿ ಹೇಳಿದ ಆ ವೈದ್ಯನ ದೃಷ್ಟಿಯು ಮೆಚ್ಚತಕ್ಕುದು.

ಆಕಸ್ಮಿಕವಾದ ಕೊಯ್ತಗಳನ್ನು ಕುರಿತು ಜನರು ಯೋಚಿಸುವುದೇ ಅಪೂರ್ವ. ಒಡೆದ ಗಾಜಿನ ಬಾಗಿಲು, ಮರ ಕೊಯ್ಯುವ ಯಂತ್ರ, ಕೈಯಲ್ಲಿ ಹಿಡಿದ ಆಯುಧದ ಮೇಲೆ ತಾನೇ ಬೀಳುವುದು ಇವು ಸಾಮಾನ್ಯವಾದ ಕಾರಣಗಳು. ನಮ್ಮ ದೇಶದಲ್ಲಿ ಇನ್ನೊಂದು ವಿಚಿತ್ರವಾದ ಕಾರಣವೂ ಸೇರಿಕೊಂಡಿದೆ. ದಾರಿಯ ಮೇಲೆ ಬಿಗಿಯಾಗಿ ಅಡ್ಡಬಂದ ಗಾಳಿಪಟದ ಮಾಂಜಾ ದಾರವು ಮೋಟಾರ್ ಸೈಕಲ್ ಸವಾರನ ಕತ್ತಿಗೆ ಸಿಕ್ಕಿ, ಸವಾರನು ವೇಗದಲ್ಲಿ ಸಾಗುತ್ತಿರುವಾಗಲೇ ಕತ್ತು ಕೊಯ್ದುಹೋಗುವುದು. ರಸ್ತೆಯ ಬದಿಯಲ್ಲಿ ಬಿದ್ದ ಅಂತಹ ದೇಹವನ್ನು ನೋಡಿದವರು ಯಾವನೋ ಕಟುಕನು ಕೊಯ್ದನೆಂದೇ ತಿಳಿಯುವರು. ಆದರೆ ಗಾಯವು ಕತ್ತಿನ ಮುಂಭಾಗದಲ್ಲಿ ಹೆಚ್ಚುಕಡಿಮೆ ಅಡ್ಡಲಾಗಿ ಇರುವುದೂ, ಬೆರಳುಗಳಲ್ಲಿ ದಾರವನ್ನು ತೆಗೆಯಲು ಯತ್ನಿಸಿದ ಸಣ್ಣ ಕೊಯ್ತಗಳಿರುವುದೂ, ವಾಹನದಿಂದ ಬಿದ್ದ ತರಚುಗಳಿರುವುದೂ, ದಾರದ ತುಂಡೇ ಸಿಕ್ಕುವುದೂ ನಿಜಸ್ಥಿತಿಯನ್ನು ಹೇಳುವುವು. ಆ ಬೆರಳಿನ ಕೊಯ್ತಗಳನ್ನು ಮಾತ್ರ ನೋಡಿದವನು ಅವು ರಕ್ಷಣೆಯ ಗಾಯಗಳೆಂದು ಕೊಲೆಯನ್ನೇ ಬರೆದುಬಿಟ್ಟಾನು! ನೈಲಾನ್ ಮತ್ತಿತರ ಕೃತಕ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರಲ್ಲಿಯೇ ನಿಷೇಧಿಸಿದ್ದರೂ ಮಕ್ಕಳ ಕೈಗೆ ಅದು ಬರುತ್ತಲೇ ಇದೆ.

ಗಾಯವು ಬದುಕಿದ್ದಾಗ ಆದುದೋ ಸತ್ತ ಮೇಲೆ ಮಾಡಿದುದೋ ಎಂಬುದನ್ನೂ ನೋಡಬೇಕಾಗುವುದು. ಬದುಕಿದ್ದಾಗಿನ ಗಾಯದ ಸುತ್ತಣ ಮಾಂಸದೊಳಗೆ ರಕ್ತವು ಸೇರಿ, ತೊಳೆದರೂ ಹೋಗದಂತೆ ಇಂಗಿರುವುದು. ಕೆಲವು ಗಂಟೆ ಬದುಕಿದ್ದವನಾದರೆ ಸೂಕ್ಷ್ಮದರ್ಶಕದಲ್ಲಿ ಬಿಳಿಯ ರಕ್ತಕಣಗಳು ಗಾಯದತ್ತ ನೆರೆದಿರುವುದು ಕಾಣುವುದು. ಸತ್ತವನ ಮುಷ್ಟಿಯಲ್ಲಿ ಆಯುಧವು ಬಿಡಿಸಲಾರದಷ್ಟು ಬಿಗಿಯಾಗಿ ಸಿಕ್ಕಿಕೊಂಡಿರುವುದು ಅಪೂರ್ವವಾಗಿ ಉಂಟು. ಸಾಯುವ ಕ್ಷಣದ ಸೆಟೆತದಿಂದ ಆಗುವ ಆ ಬಿಗಿತವನ್ನು ಕೊಲೆಗಾರನು ಆಮೇಲೆ ಆಯುಧವನ್ನು ಕೈಯಲ್ಲಿಟ್ಟು ಅನುಕರಿಸಲಾರನು.

ಸ್ಥಳವನ್ನೂ ಆಯುಧವನ್ನೂ ಓದುವುದರಲ್ಲಿ ಚೀನದವರದು ಒಂದು ಹಳೆಯ ಕಥೆಯಿದೆ. ಸೊಂಗ್ ತ್ಸು ಎಂಬ ನ್ಯಾಯಾಧಿಕಾರಿಯು 1247ರಲ್ಲಿ ಬರೆದ ಶವಪರೀಕ್ಷೆಯ ಗ್ರಂಥದಲ್ಲಿ ಅದು ಬರುವುದು. ದಾರಿಯ ಪಕ್ಕದಲ್ಲಿ ಒಬ್ಬನು ಹತ್ತಕ್ಕಿಂತ ಹೆಚ್ಚು ಕುಡುಗೋಲಿನ ಗಾಯಗಳಿಂದ ಸತ್ತು ಬಿದ್ದಿದ್ದನು. ಅವನ ಒಡವೆ ವಸ್ತುಗಳು ಹಾಗೆಯೇ ಇದ್ದುವಾದುದರಿಂದ ಕಳ್ಳರ ಕೆಲಸವಲ್ಲ, ಹಗೆಯೆಂದು ಅಧಿಕಾರಿಯು ಊಹಿಸಿದನು. ಹೆಂಡತಿಯನ್ನು ವಿಚಾರಿಸಲಾಗಿ ಸಾಲ ಕೇಳಿ ಸಿಕ್ಕದೆ ಹೋದವನೊಬ್ಬನ ಸುಳಿವು ದೊರೆಯಿತು. ಅಕ್ಕಪಕ್ಕದ ಮನೆಗಳ ಕುಡುಗೋಲುಗಳನ್ನೆಲ್ಲ, ಎಪ್ಪತ್ತೆಂಬತ್ತನ್ನು, ತರಿಸಿ ನೆಲದ ಮೇಲೆ ಸಾಲಾಗಿ ಇಡಿಸಿದನು. ಬೇಸಗೆಯ ಕಾಲ. ಒಂದು ಕುಡುಗೋಲಿನ ಮೇಲೆ ಮಾತ್ರ ನೊಣಗಳು ಬಂದು ಕುಳಿತುವು. ಅದು ಆ ಸಾಲ ಕೇಳಿದವನದೇ ಆಗಿತ್ತು, ಅವನು ತಪ್ಪನ್ನೊಪ್ಪಿದನು. ತೊಳೆದ ಅಲಗಿನಲ್ಲಿಯೂ ರಕ್ತದ ವಾಸನೆಯು ನೊಣಕ್ಕೆ ಸಿಕ್ಕುವುದು. ಈ ಕಥೆಯನ್ನು ಓದಿದಾಗಲೆಲ್ಲ ನಮ್ಮ ಊರಿನ ಆ ತಮ್ಮನನ್ನು ನೆನೆದು ನನಗೆ ಮೈ ಜುಮ್ಮೆನ್ನುವುದು. ಅವನ ಕತ್ತಿಯ ಮೇಲೂ ನೊಣ ಕೂರುತ್ತಿತ್ತು!

ಆ ತಾಲ್ಲೂಕಿನ ವೈದ್ಯರು ವಯಸ್ಸಾದವರು, ಮಿತಭಾಷಿಗಳು. ದೇಹವನ್ನು ಪರೀಕ್ಷಿಸಿದ ಮಾರನೆಯ ದಿನ, ಮರವನ್ನು ನೋಡಬೇಕೆಂದು ತಾವಾಗಿ ಬೆಟ್ಟಕ್ಕೆ ಬಂದರು. ದಾರಿ ತೋರಿಸಲು ಪಂಚರಾದ ನಮ್ಮನ್ನು ಕರೆದೊಯ್ದರು. ಅವರು ಸಬ್‌ಇನ್ಸ್‌ಪೆಕ್ಟರರಿಗೆ ಅಲ್ಲಿ ವಿವರಿಸಿದುದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದೆನು. ಸತ್ತವನ ಎರಡು ಕೈಗಳಲ್ಲಿ ಒಂದು ಕೊಯ್ತವೂ ಇರಲಿಲ್ಲ. ಅದರಿಂದಷ್ಟೇ ತಾನು ಏನನ್ನೂ ಹೇಳುವುದಿಲ್ಲವೆಂದು ಮೊದಲೇ ತಿಳಿಸಿದರು. ಆದರೆ ತೋಳುಗಳ ಒಳಮಗ್ಗುಲಲ್ಲಿಯೂ ಎದೆಯ ಮೇಲೂ ಮೇಲಿನಿಂದ ಕೆಳಕ್ಕೆ ಎಳೆದಂತಹ ತರಚುಗಳಿದ್ದು, ಅವುಗಳಲ್ಲಿ ತೊಗಟೆಯ ಚೂರುಗಳು ಸಿಕ್ಕಿಕೊಂಡಿದ್ದುವು. ಎರಡೂ ಹಿಮ್ಮಡಿಗಳ ಎಲುಬು ಒಡೆದಿತ್ತು. ಎತ್ತರದಿಂದ ಕಾಲೂರಿ ಬಿದ್ದವನಿಗೆ ಆಗುವುದು ಅದು. ತೊಡೆಯ ಗಾಯವು ಒಂದೇ. ಅದರ ಹಾದಿಯು ಕೆಳಗಿನಿಂದ ಮೇಲಕ್ಕೆ, ಒಳಕ್ಕೆ. ಪಂಚೆಯ ಸೀಳು ಆ ಗಾಯಕ್ಕೆ ನೇರವಾಗಿ ಕೂಡುತ್ತಿತ್ತು. ಎದುರಿಗೆ ನಿಂತು ಕತ್ತಿಯನ್ನು ಬೀಸಿದವನ ಹೊಡೆತವು ಆ ದಿಕ್ಕಿನಲ್ಲಿ ಬೀಳುವುದು ಕಷ್ಟ. ಮರದ ಮೇಲೆ, ಸುಮಾರು ಹದಿನೈದು ಅಡಿಗಳ ಎತ್ತರದಲ್ಲಿ, ಅರ್ಧ ಕಡಿದು ಬಿಟ್ಟ ಹಸಿಯ ಕೊಂಬೆಯೊಂದು ಜೋತಾಡುತ್ತಿತ್ತು. ಅದರ ಕೆಳಗೆ ಕಾಂಡದ ಮೇಲೆ ಪಾಚಿಯು ಎರಡು ಮಾರುಗಳಷ್ಟು ಉದ್ದಕ್ಕೆ ಕೆರೆದುಹೋಗಿತ್ತು. ಬುಡದಲ್ಲಿ ರಕ್ತವು ಒಂದೇ ಕಡೆ ಮಡುಗಟ್ಟಿ ಇಂಗಿತ್ತೇ ಹೊರತು ಓಡಾಡಿದ, ಹೊಡೆದಾಡಿದ ಜಾಡು ಸುತ್ತಲೂ ಇರಲಿಲ್ಲ.

‘ತಮ್ಮನ ಅಂಗಿಯ ರಕ್ತಕ್ಕೆ ಏನು ಹೇಳುತ್ತೀರಿ, ಡಾಕ್ಟರೇ?’ ಎಂದು ಸಬ್‌ಇನ್ಸ್‌ಪೆಕ್ಟರರು ಕೇಳಿದರು.

‘ಅಂಗಿ ಎರಡು ಕಡೆಗೂ ಸಾಕ್ಷಿ ಹೇಳುತ್ತದೆ. ನಾನು ಅದನ್ನು ಹಿಡಿದುಕೊಳ್ಳುವುದಿಲ್ಲ’ ಎಂದರು ವೈದ್ಯರು. ‘ಗಾಯದ ಮೇಲ್ಗಡೆ ಟವೆಲು ಬಿಗಿದ ಗುರುತು ತೊಡೆಯ ಮೇಲೆ ಇದೆ. ಕಟ್ಟಿದಾಗ ಜೀವ ಇತ್ತು. ಅಷ್ಟನ್ನು ಬರೆಯುತ್ತೇನೆ.’

ಟವೆಲನ್ನು ಬಿಗಿದವನು ತಮ್ಮನೇ. ಅದೂ ತೋರಿಕೆಗೆ ಮಾಡಿದುದೆಂದು ಊರಿನಲ್ಲಿ ಕೆಲವರು ಹೇಳುತ್ತಿದ್ದರು. ವೈದ್ಯರು ಕತ್ತಿಯನ್ನು ತರಿಸಿ, ಅದರ ಕೊಕ್ಕಿನ ಅಗಲವನ್ನು ತಮ್ಮ ಟಿಪ್ಪಣಿಯೊಡನೆ ಹೋಲಿಸಿ ನೋಡಿ, ಇದೇ ಆಗಿರಬಹುದೆಂದರು, ‘ಇದೇ’ ಎನ್ನಲಿಲ್ಲ. ತೊಳೆದುದರ ವಿಷಯದಲ್ಲಿ ಅವರು ನುಡಿದುದು ಒಂದೇ ಮಾತು: ಅಲಗಿನ ಮೇಲೆ ತೊಗಟೆಯ ರಸವೂ ಸೊಪ್ಪಿನ ಚೂರೂ ರಕ್ತದೊಡನೆ ಹಾಗೆಯೇ ಉಳಿದಿದ್ದರೆ ಈ ಬಡಪಾಯಿಗೆ ಇಷ್ಟು ದಿನ ಸಂಕಟವಿರುತ್ತಿರಲಿಲ್ಲ. ಇಂತಹ ಸಮಯದಲ್ಲಿ ಮನೆಯವರು ಮೊದಲು ಮಾಡಬೇಕಾದುದು ಜೀವವನ್ನು ಉಳಿಸುವ ಯತ್ನ. ಅದಕ್ಕಾಗಿ ಏನನ್ನು ಮುಟ್ಟಿದರೂ ತಪ್ಪಿಲ್ಲ. ಜೀವವು ಹೋಯಿತೆಂದು ಗೊತ್ತಾದ ಮೇಲಾದರೋ ನೆಲವನ್ನು ಸಾರಿಸುವುದು, ಆಯುಧವನ್ನು ತೊಳೆಯುವುದು, ಬಟ್ಟೆಯನ್ನು ಒಗೆಯುವುದು ಇವೊಂದನ್ನೂ ಮಾಡಬಾರದು. ಮೈಲಿಗೆಯೆಂಬ ಸಂಕೋಚದಿಂದಲೋ, ಮಕ್ಕಳು ತುಳಿದಾರೆಂಬ ಭಯದಿಂದಲೋ ಹೀಗೆ ಮಾಡಿ ನಿರಪರಾಧಿಗಳೇ ತಮ್ಮ ಪರವಾದ ಸಾಕ್ಷ್ಯವನ್ನು ಅಳಿಸಿಬಿಡುವರು.

ಮರದಿಂದ ಬಿದ್ದು, ಕೈಯಲ್ಲಿದ್ದ ಕತ್ತಿಯು ತೊಡೆಗೆ ನಾಟಿ ಆದ ಆಕಸ್ಮಿಕ ಮರಣದೊಡನೆ ಗಾಯಗಳೆಲ್ಲವೂ ಹೊಂದಿಕೊಳ್ಳುವುವೆಂದು ವೈದ್ಯರು ಬರೆದರು. ಪೊಲೀಸರು ಅಸಹಜ ಮರಣವೆಂದು ದಾಖಲು ಮಾಡಿದ್ದ ಕಡತವನ್ನು ಕೆಲವು ವಾರಗಳ ಮೇಲೆ ಮುಗಿಸಿದರು. ಆ ವಾರಗಳಲ್ಲಿ ತಮ್ಮನ ಮನೆಗೆ ಊರಿನ ಯಾರೂ ಹೋಗಲಿಲ್ಲ. ಅವನ ಮಗಳು ನನ್ನ ಶಾಲೆಯಲ್ಲಿ ಕೊನೆಯ ಸಾಲಿನಲ್ಲಿ ಒಬ್ಬಳೇ ಕುಳಿತಿರುತ್ತಿದ್ದಳು. ನಾನು ಪಂಚನಾಗಿದ್ದೂ ಬಾಯಿ ಬಿಡದೆ ಸುಮ್ಮನಿದ್ದೆನು. ಸರಕಾರದ ಕೆಲಸ ಮುಗಿಯುವವರೆಗೆ ಮಾತನಾಡಬಾರದೆಂಬುದು ನಾನು ನನಗೆ ಹೇಳಿಕೊಂಡ ಸಬೂಬು. ಈಗ ನೆನೆದರೆ ಅದರಲ್ಲಿ ಹೆದರಿಕೆಯೂ ಸೇರಿತ್ತು.

ವರದಿಯ ಪ್ರತಿಯು ಬಂದ ಮೇಲೆ ಸತ್ತವನ ಹೆಂಡತಿಯು ಅದನ್ನು ತೆಗೆದುಕೊಂಡು ನನ್ನ ಮನೆಗೆ ಬಂದಳು. ಅದು ಇಂಗ್ಲಿಷಿನಲ್ಲಿತ್ತು. ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳುತ್ತ ಹೋದೆನು. ಕೆಲವನ್ನು ಬಿಟ್ಟುಬಿಡಲು ನೋಡಿದರೆ, ‘ಎಲ್ಲಾನೂ ಓದಿ ಮೇಷ್ಟ್ರೇ’ ಎಂದಳು. ಟವೆಲಿನ ಗುರುತಿನ ಮಾತು ಬಂದಾಗ ಆಕೆ ಕೈಯೆತ್ತಿ ನನ್ನನ್ನು ನಿಲ್ಲಿಸಿ, ‘ಕಟ್ಟಿದಾಗ ಜೀವ ಇತ್ತು ಅಂತ ಬರೆದಿದ್ದಾರಾ?’ ಎಂದು ಕೇಳಿದಳು. ಬರೆದಿದ್ದಾರೆಂದೆನು. ಆ ಸಾಲನ್ನು ಮತ್ತೊಮ್ಮೆ ಓದಿಸಿಕೊಂಡು, ಕಾಗದವನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಆ ಸಂಜೆ ಆಕೆಯ ಮಗನು ಹಾಲಿನ ತಂಬಿಗೆಯನ್ನು ಹಿಡಿದುಕೊಂಡು ಚಿಕ್ಕಪ್ಪನ ಮನೆಯ ಕಡೆಗೆ ಹೋಗುತ್ತಿದ್ದುದನ್ನು ನಾನು ಶಾಲೆಯ ಜಗಲಿಯಿಂದ ನೋಡಿದೆನು.